ಕಾಲ, ಕೊಬ್ಬು ಮತ್ತು ವಿಷ: ಎಂಡೋಸಲ್ಫಾನ್ ಕಲಿಸಿದ ಪರೀಕ್ಷೆ

ಶಹಾಪುರ ತಾಲ್ಲೂಕಿನ ಶಿರವಾಳದಂತಹ, ಪ್ರಾಚೀನ ಶಿಲಾದೇಗುಲಗಳ ಸುತ್ತ ಎರೆಭೂಮಿ ಹರಡಿಕೊಂಡಿರುವ ಗ್ರಾಮಗಳಲ್ಲಿ ಹತ್ತಿಯನ್ನೂ ತೊಗರಿಯನ್ನೂ ಬೆಳೆಯುವ ರೈತರು ‘ಎಣ್ಣಿ’ ಎಂದು ಕರೆಯುವ ಕೀಟನಾಶಕದ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳಲ್ಲೊಂದರ ತ್ರಿಕೋನವು ಮುದ್ರಿತವಾಗಿರುತ್ತದೆ. ಆ ಬಣ್ಣ ಸೂಚಿಸುವುದು, ವಸ್ತುವು ಹೊಟ್ಟೆಗೆ ಹೋದರೆ ಇಲ್ಲವೆ ಚರ್ಮಕ್ಕೆ ತಗುಲಿದರೆ ಕೂಡಲೆ ಎಷ್ಟು ಘಾತಕವೆಂಬುದನ್ನು ಮಾತ್ರ. ಸಿಂಪಡಿಸಿದ ದಿನ ಕಳೆದು, ಮಳೆಗಾಲವೂ ಕಳೆದ ಬಳಿಕ ಅದು ಎಲ್ಲಿ ಉಳಿದಿರುತ್ತದೆ, ಯಾವ ಜೀವಿಯ ದೇಹದಲ್ಲಿ ಶೇಖರವಾಗುತ್ತದೆ ಎಂಬುದನ್ನು ಆ ಬಣ್ಣ ತಿಳಿಸಲಾರದು. ಇದನ್ನು ಅರಿಯಲೆಂದೇ ವಿಜ್ಞಾನಿಗಳು ಸ್ಥಾಯಿತ್ವ, ಜೈವಿಕ ಸಂಚಯ, ವಿಷತ್ವವೆಂಬ ಮೂರು ಗುಣಗಳನ್ನು ಒಟ್ಟಿಗೆ ಪರೀಕ್ಷಿಸುತ್ತಾರೆ. ಈ ಪರೀಕ್ಷೆಯ ಮಹತ್ವವನ್ನು ಕನ್ನಡಿಗರಿಗೆ ಅತ್ಯಂತ ದಾರುಣವಾಗಿ ಮನಗಾಣಿಸಿದ ವಸ್ತು ಎಂಡೋಸಲ್ಫಾನ್.

ಕಾಸರಗೋಡಿನ ಎಣ್ಮಕಜೆ ಪಂಚಾಯತಿಗೆ ಸೇರಿದ ಪಡ್ರೆಯ ಸುತ್ತಣ ಗುಡ್ಡಗಳಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರುತೋಟಗಳಿದ್ದು, ಟೀ ಸೊಳ್ಳೆಯೆಂಬ ಕೀಟವನ್ನು ಅಳಿಸುವ ಉದ್ದೇಶದಿಂದ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರುಗಳ ಮೂಲಕ ಈ ವಿಷವನ್ನು ಸುರಿಯಲಾಯಿತು. ಗುಡ್ಡದ ಸುರಂಗಗಳಿಂದಲೂ ತೋಡುಗಳಿಂದಲೂ ನೀರು ಪಡೆಯುತ್ತಿದ್ದ ಆ ಊರಿನಲ್ಲಿ ನರಸಂಬಂಧಿಯಾದ ವ್ಯಾಧಿಗಳೂ ಅಂಗವೈಕಲ್ಯಗಳೂ ಅಸಾಧಾರಣವಾಗಿ ಕಾಣಿಸುತ್ತಿರುವುದನ್ನು ಅಲ್ಲಿಯ ವೈದ್ಯರಾದ ಡಾ. ವೈ. ಎಸ್. ಮೋಹನಕುಮಾರ್ ಗಮನಿಸಿದರು, ಪತ್ರಕರ್ತ ಶ್ರೀಪಡ್ರೆಯವರು ಅದನ್ನು ನಾಡಿಗೆ ತಿಳಿಸಿದರು. ದಕ್ಷಿಣ ಕನ್ನಡದ ಕೊಕ್ಕಡ ಮೊದಲಾದ ಗೇರುಸೀಮೆಗಳಿಂದಲೂ ಇಂತಹವೇ ದುಃಖದ ವಾರ್ತೆಗಳು ಬಂದವು.

ಮೊದಲನೆಯ ಪರೀಕ್ಷೆಯಾದ ಸ್ಥಾಯಿತ್ವದ ಮಾನವು ಅರ್ಧಾಯುಷ್ಯ, ಎಂದರೆ ವಸ್ತುವಿನ ಅರ್ಧಭಾಗವು ವಿಘಟಿತವಾಗಲು ಹಿಡಿಯುವ ಕಾಲ. ದೀರ್ಘಕಾಲ ಉಳಿಯುವ ಸಾವಯವ ಮಾಲಿನ್ಯಕಾರಕಗಳ ಕುರಿತು 2001ರಲ್ಲಿ ಅಂಗೀಕೃತವಾದ ಸ್ಟಾಕ್‌ಹೋಮ್ ಒಡಂಬಡಿಕೆಯು ಈ ಕಾಲವು ನೀರಿನಲ್ಲಿ 2 ತಿಂಗಳನ್ನೋ ಮಣ್ಣಿನಲ್ಲಿ 6 ತಿಂಗಳನ್ನೋ ಮೀರಿದರೆ ಅದನ್ನು ದೀರ್ಘಸ್ಥಾಯಿತ್ವದ ಲಕ್ಷಣವೆಂದು ಎಣಿಸುತ್ತದೆ. ಎಂಡೋಸಲ್ಫಾನ್ ಅಣುರಚನೆಯಲ್ಲಿ ಕಿಂಚಿತ್ ಭೇದವುಳ್ಳ ಆಲ್ಫಾ, ಬೀಟಾ ಎಂಬೆರಡು ರೂಪಗಳ ಮಿಶ್ರಣವಾಗಿದ್ದು, ಇವೆರಡನ್ನೇ ಅಳೆಯುವವನಿಗೆ ಅದು ಬೇಗನೆ ಕರಗಿ ಹೋದಂತೆ ತೋರಬಹುದು. ಆದರೆ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಉತ್ಕರ್ಷಿಸಿ ಎಂಡೋಸಲ್ಫಾನ್ ಸಲ್ಫೇಟನ್ನಾಗಿ ಪರಿವರ್ತಿಸುತ್ತವೆ. ಮೂಲದಷ್ಟೇ ವಿಷಮಯವಾದ ಈ ಸಂತತಿಯು ಮೂಲಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಮೂರನ್ನೂ ಕೂಡಿಸಿ ಲೆಕ್ಕ ಹಾಕಿದಾಗ ಮಣ್ಣಿನಲ್ಲಿ ಅರ್ಧಾಯುಷ್ಯವು ಸಾಮಾನ್ಯವಾಗಿ 28ರಿಂದ 391 ದಿನಗಳವರೆಗೆ ವ್ಯಾಪಿಸುವುದು ಗೋಚರವಾಯಿತು. ಕಣ್ಮರೆಯಾದುದೆಲ್ಲ ನಾಶವಾದುದಲ್ಲ.

ಎರಡನೆಯದಾದ ಜೈವಿಕ ಸಂಚಯದ ವಿಚಾರವು ಇನ್ನೂ ಗಹನವಾದುದು. ಸಾರಿನ ಮೇಲೆ ತೇಲುವ ಎಣ್ಣೆಗೆ ಒಣಮೆಣಸಿನಕಾಯಿಯ ಕೆಂಪೆಲ್ಲ ಸೇರಿಕೊಳ್ಳುವಂತೆ, ಕೆಲವು ವಸ್ತುಗಳು ನೀರನ್ನು ತೊರೆದು ಕೊಬ್ಬನ್ನು ಆಶ್ರಯಿಸುತ್ತವೆ. ಪ್ರಯೋಗಶಾಲೆಯಲ್ಲಿ ಕೊಬ್ಬಿನ ಪ್ರತಿನಿಧಿಯಾಗಿ ಆಕ್ಟನಾಲ್ ಎಂಬ ದ್ರವವನ್ನು ನೀರಿನೊಡನೆ ಇಟ್ಟು ನೋಡಿದಾಗ, ಎಂಡೋಸಲ್ಫಾನ್ ನೀರಿಗಿಂತ ಅದರಲ್ಲಿ ಸುಮಾರು 50,000 ಪಟ್ಟು ಸಾಂದ್ರವಾಗುವುದು ಕಂಡುಬರುತ್ತದೆ. ಒಡಂಬಡಿಕೆಯ ಮಾನವು 1,00,000 ಪಟ್ಟು. ಮೀನಿನ ದೇಹದಲ್ಲಿ ಆಗುವ ಸಂಚಯಕ್ಕೆ ನಿಗದಿಯಾದ 5,000 ಪಟ್ಟನ್ನೂ ಅದು ಸಾಮಾನ್ಯವಾಗಿ ಮುಟ್ಟುತ್ತಿರಲಿಲ್ಲ. ಇಷ್ಟರಿಂದಲೇ ಅದನ್ನು ನಿರಪಾಯಕಾರಿಯೆನ್ನಬಹುದಾಗಿತ್ತೆ? ಮೀನು ಕಿವಿರುಗಳ ಮೂಲಕ ನೀರಿಗೆ ಹಿಂದಿರುಗಿಸುವ ವಿಷವನ್ನು, ಗಾಳಿಯನ್ನು ಉಸಿರಾಡುವ ಪ್ರಾಣಿಯು ಶ್ವಾಸದ ಮೂಲಕ ಹೊರದೂಡಲಾರದು. ಗಾಳಿಗಿಂತ ಕೊಬ್ಬಿನಲ್ಲಿ ಸಾವಿರ ಕೋಟಿ ಪಟ್ಟು ಸಾಂದ್ರವಾಗಬಲ್ಲ ಈ ವಸ್ತುವು ಅಂತಹ ಪ್ರಾಣಿಗಳ ಆಹಾರಸರಪಣಿಯಲ್ಲಿ ಮೇಲೇರುತ್ತ ಹೋಗಬಲ್ಲುದು. ಮೀನನ್ನು ಅಳೆಯುವ ಕೋಲಿನಿಂದ ಮನುಷ್ಯನನ್ನು ಅಳೆದು ತೀರ್ಪು ಕೊಡುವುದು ಯುಕ್ತವಲ್ಲ.

ವಿಷತ್ವದ ವಿಷಯದಲ್ಲಿ ಸಂಶಯಕ್ಕೆ ಆಸ್ಪದವಿರಲಿಲ್ಲ. ಮೆದುಳಿನ ಉದ್ರೇಕವನ್ನು ಶಮನಗೊಳಿಸುವ ಗಾಬಾ ಎಂಬ ಸಂದೇಶವಾಹಕದ ಕಾರ್ಯವನ್ನು ಅದು ತಡೆಯುವುದರಿಂದ ಅಪಸ್ಮಾರದಂತಹ ಸೆಳೆತಗಳುಂಟಾಗುತ್ತವೆ. ಮೀನುಗಳಿಗಂತೂ ಅತ್ಯಲ್ಪ ಪ್ರಮಾಣವೂ ಮಾರಕ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಗೇರುಗುಡ್ಡದ ತಪ್ಪಲಿನ 117 ಶಾಲಾಬಾಲಕರನ್ನು ಸಿಂಪಡಣೆಯ ಸೋಂಕಿಲ್ಲದ 90 ಬಾಲಕರೊಡನೆ ಹೋಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲಿನವರ ರಕ್ತದ್ರವದಲ್ಲಿ ನೂರು ಕೋಟಿಯಲ್ಲಿ ಸರಾಸರಿ 7.47 ಭಾಗ, ಎರಡನೆಯವರಲ್ಲಿ 1.37 ಭಾಗ ಎಂಡೋಸಲ್ಫಾನ್ ದೊರಕಿತು; ತಪ್ಪಲಿನ ಬಾಲಕರಲ್ಲಿ ಪ್ರೌಢತೆಯು ವಿಳಂಬಿಸಿರುವ ಸೂಚನೆಯೂ ದೊರೆಯಿತು. ಆ ಊರುಗಳ ಪ್ರತಿಯೊಂದು ವ್ಯಾಧಿಗೂ ಇದೊಂದೇ ಕಾರಣವೆಂದು ಪ್ರಯೋಗಶಾಲೆಯು ಸಾಬೀತುಪಡಿಸಲಾರದು. ಆದರೆ ಗಿಡಕ್ಕೆ ಹೊಡೆದ ವಿಷವು ಮಕ್ಕಳ ರಕ್ತಕ್ಕೆ ಇಳಿದುದನ್ನು ಅದು ತೋರಿಸಿಕೊಟ್ಟಿತು.

ಆಲ್ಫಾ ರೂಪವು ಆವಿಯಾಗಿ ಗಾಳಿಯೊಡನೆ ಸಂಚರಿಸಿ, ಎಂದೂ ಗೇರು ಬೆಳೆಯದ ಉತ್ತರಧ್ರುವ ಪ್ರದೇಶದಲ್ಲಿಯೂ ಕಂಡುಬಂದುದರಿಂದ ವಿಷಯವು ಯಾವೊಂದು ದೇಶಕ್ಕೂ ಸೀಮಿತವಾಗಿ ಉಳಿಯಲಿಲ್ಲ. 2011ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ನಿಷೇಧಿಸಿತು. ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ರಾಷ್ಟ್ರಗಳು ಅದನ್ನು ನಿರ್ಮೂಲನದ ಪಟ್ಟಿಗೆ ಸೇರಿಸಿದುವು. ಮೇ 13ರಂದು ಭಾರತದ ಸುಪ್ರೀಂ ಕೋರ್ಟು ದೇಶಾದ್ಯಂತ ಅದರ ಉತ್ಪಾದನೆಯನ್ನೂ ಮಾರಾಟವನ್ನೂ ತಡೆಯಿತು.

ಆ ಆದೇಶ ಬರುವ ಹೊತ್ತಿಗೆ ಪಡ್ರೆಯ ಗುಡ್ಡಗಳಲ್ಲಿ ಒಂದು ಪೀಳಿಗೆಯೇ ಬೆಳೆದು ದೊಡ್ಡದಾಗಿತ್ತು. ಪರೀಕ್ಷೆಗೆ ಬೇಕಾದ ಆಕ್ಟನಾಲ್, ಮಣ್ಣು, ಮೀನು ಎಲ್ಲವೂ ಪ್ರಯೋಗಶಾಲೆಯಲ್ಲಿ ದೊರೆಯುವಾಗ ಆ ಕಾರ್ಯವನ್ನು ಮಕ್ಕಳ ದೇಹಗಳಿಗೆ ಬಿಟ್ಟುಕೊಡುವುದು ನಾಗರಿಕ ಸಮಾಜಕ್ಕೆ ಒಪ್ಪುವ ಕ್ರಮವಲ್ಲ. ನಾಳೆ ಶಿರವಾಳದ ಎರೆಹೊಲಕ್ಕೆ ಹೊಸ ‘ಎಣ್ಣಿ’ಯೊಂದನ್ನು ಮಾರಲು ಬರುವವರು, ಅದು ಎಷ್ಟು ಕಾಲ ಉಳಿಯುತ್ತದೆ, ಒಡೆದು ಏನಾಗುತ್ತದೆ, ಯಾರ ಮೈಯಲ್ಲಿ ನೆಲೆಸುತ್ತದೆ ಎಂಬುದನ್ನು ತ್ರಿಕೋನದ ಪಕ್ಕದಲ್ಲೇ ತಿಳಿಗನ್ನಡದಲ್ಲಿ ಮುದ್ರಿಸಬೇಕು. ಅದನ್ನು ಓದಿಯೇ ಕೊಳ್ಳುವ ಹಕ್ಕು ರೈತನದು.