ಫ್ರಂಟ್ ಆಫೀಸ್ ಅಂದರೆ ರಿಸೆಪ್ಷನ್ ಅಲ್ಲ

"ಮಗ ಬ್ಯಾಂಕಿನ ಫ್ರಂಟ್ ಆಫೀಸ್‌ಗೆ ಹೋಗಬೇಕಂತೆ, ಅದಕ್ಕೆ ಅಮೆರಿಕದಲ್ಲಿ ಎಂಬಿಎ ಓದಬೇಕಂತೆ" ಎಂದರೆ ನಮ್ಮ ಕಡೆ ಅರ್ಧ ಜನರ ಕಣ್ಣಿಗೆ ಬರುವುದು ಹೋಟೆಲಿನ ರಿಸೆಪ್ಷನ್ ಮೇಜು. ಹೋಟೆಲಿನವರ ಮಾತಿನಲ್ಲಿ ಅದು ಸರಿಯೇ. ಹೂಡಿಕೆ ಬ್ಯಾಂಕಿನವರು ಹಾಗೆನ್ನುವುದು ನೇರವಾಗಿ ದುಡ್ಡು ತರುವ ವಿಭಾಗಗಳಿಗೆ: ಕಂಪನಿಗಳ ವಿಲೀನ, ಐಪಿಒ ನಡೆಸಿಕೊಡುವವರು, ಟ್ರೇಡಿಂಗ್ ಮಾಡುವವರು, ದೊಡ್ಡ ಗ್ರಾಹಕರಿಗೆ ಷೇರು-ಬಾಂಡ್ ಮಾರುವವರು. ರಿಸ್ಕ್, ಕಂಪ್ಲಯನ್ಸ್ ಮಿಡ್ಲ್ ಆಫೀಸ್. ವ್ಯವಹಾರ ಮುಗಿದ ಮೇಲೆ ಹಣ, ಷೇರು ಸರಿಯಾಗಿ ಕೈ ಬದಲಾಯಿತೇ ಎಂದು ತಾಳೆ ನೋಡುವುದು ಬ್ಯಾಕ್ ಆಫೀಸ್.

"ಅದೇ ಬ್ಯಾಂಕಿನ ಬೆಂಗಳೂರು ಆಫೀಸಿನಲ್ಲಿದ್ದೀನಿ, ಒಳಗಿಂದಲೇ ದಾಟಿಬಿಡ್ತೀನಿ" ಅನ್ನುವವರಿದ್ದಾರೆ. ಗೋಲ್ಡ್‌ಮನ್ ಸ್ಯಾಕ್ಸ್ ಬೆಂಗಳೂರಿಗೆ ಬಂದದ್ದು 2004ರಲ್ಲಿ. ಅಂಥ ಕಚೇರಿಗಳು ಈಗ ಊರ ತುಂಬ ಇವೆ. ಆದರೆ ಅಲ್ಲಿನ ಕೆಲಸದ ಬಹುಪಾಲು ತಂತ್ರಜ್ಞಾನ, ಆಪರೇಷನ್ಸ್, ರಿಸ್ಕ್. ಗ್ರಾಹಕರೊಡನೆ ಕೂತು ಮಾತಾಡುವ ಕುರ್ಚಿಗಳು ಮುಂಬೈ, ಲಂಡನ್, ನ್ಯೂಯಾರ್ಕಿನಲ್ಲಿವೆ. ಒಳಗಿಂದ ದಾಟಿದವರಿಲ್ಲವೆಂದಲ್ಲ, ಬೆರಳೆಣಿಕೆಯಷ್ಟು.

ಹಾಗಾಗಿ ಎಂಬಿಎ. ಇಲ್ಲೇ ದೊಡ್ಡ ತಪ್ಪು ಕಲ್ಪನೆ ಇರುವುದು: ಎರಡು ವರ್ಷ ಓದಿ, ಡಿಗ್ರಿ ಹಿಡಿದು, ಆಮೇಲೆ ಕೆಲಸ ಹುಡುಕುವುದು. ಹೂಡಿಕೆ ಬ್ಯಾಂಕು ಕೊಳ್ಳುವುದು ಡಿಗ್ರಿಯನ್ನಲ್ಲ, ನಡುವಿನ ಬೇಸಿಗೆಯನ್ನು. ಅಮೆರಿಕದಲ್ಲಿ ತರಗತಿ ಶುರುವಾಗುವುದು ಆಗಸ್ಟ್ ಹೊತ್ತಿಗೆ. ಒಂದೆರಡು ತಿಂಗಳಲ್ಲೇ ಬ್ಯಾಂಕುಗಳು ಕ್ಯಾಂಪಸ್ಸಿಗೆ ಬಂದು ಪರಿಚಯ ಕೂಟ ನಡೆಸುತ್ತವೆ, ಚಳಿಗಾಲದಲ್ಲಿ ಸಂದರ್ಶನ ಮುಗಿಸುತ್ತವೆ. ಮುಂದಿನ ಬೇಸಿಗೆಯ ಸುಮಾರು ಹತ್ತು ವಾರದ ಇಂಟರ್ನ್‌ಶಿಪ್ಪಿನಲ್ಲಿ ಮೆಚ್ಚಿಸಿದವರಿಗೇ ಕಾಯಂ ಕೆಲಸದ ಹೆಚ್ಚಿನ ಪಾಲು. ನಮ್ಮ ಐಐಎಂಗಳಲ್ಲೂ ಜೂನ್‌ನಲ್ಲಿ ಸೇರಿದವರು ಮಳೆಗಾಲ ಕಳೆಯುವಷ್ಟರಲ್ಲಿ 'ಸಮ್ಮರ್ಸ್' ಗಡಿಬಿಡಿಯಲ್ಲಿರುತ್ತಾರೆ. ಬ್ಯಾಲೆನ್ಸ್ ಶೀಟ್ ಪಾಠವೇ ಮುಗಿದಿರುವುದಿಲ್ಲ, ಆಗಲೇ ಕಂಪನಿಗೆ ಬೆಲೆ ಕಟ್ಟುವುದು ಹೇಗೆ ಎಂಬ ಪ್ರಶ್ನೆ! ಅಡ್ಮಿಷನ್ ಸಿಕ್ಕಿತೆಂದು ಆರು ತಿಂಗಳು ಊರೂರು ಸುತ್ತಿ ಬಂದವರು ಸಿಕ್ಕಿಬೀಳುವುದು ಇಲ್ಲೇ.

"ಒಂದೇ ವರ್ಷದಲ್ಲಿ ಮುಗಿಯುತ್ತೆ, ಖರ್ಚೂ ಕಮ್ಮಿ" ಎಂಬ ಲೆಕ್ಕವನ್ನೂ ಇದರ ಪಕ್ಕದಲ್ಲೇ ಇಟ್ಟು ನೋಡಬೇಕು. ಹೈದರಾಬಾದಿನ ಐಎಸ್‌ಬಿ, ಹತ್ತು ತಿಂಗಳ ಇನ್ಸೀಡ್ ಒಳ್ಳೆಯ ಶಾಲೆಗಳೇ. ಆದರೆ ಇಂಥ ಕೋರ್ಸಿನಲ್ಲಿ ಆ ಬೇಸಿಗೆಯೇ ಇಲ್ಲ, ಇದ್ದರೂ ಮೊಟಕು. ಮೊದಲೇ ಹಣಕಾಸಿನಲ್ಲಿ ಪಳಗಿದವರಿಗೆ ಅದು ಕೊರತೆಯಲ್ಲ. ದಾರಿಯನ್ನೇ ಬದಲಿಸುವವರಿಗೆ ಹೌದು.

ಅರ್ಜಿಯ ಪ್ರಬಂಧದಲ್ಲಿ ಬ್ಯಾಕ್ ಆಫೀಸನ್ನು ಮುಚ್ಚಿಡಬೇಕು ಅನ್ನುವವರ ಸಲಹೆ ಕೇಳಿ ನನಗೆ ನಗು ಬರುತ್ತದೆ. 2024ರ ಮೇ 28ರಿಂದ ಅಮೆರಿಕದ ಷೇರು ಸೆಟಲ್‌ಮೆಂಟ್ ಎರಡು ದಿನದಿಂದ ಒಂದೇ ದಿನಕ್ಕಿಳಿಯಿತು. ತಾಳೆಯಾಗದ ವ್ಯವಹಾರ ಸರಿಪಡಿಸಲು ಸಿಗುತ್ತಿದ್ದ ಹೊತ್ತು ಕರಗಿಹೋಯಿತು. ಆ ಬದಲಾವಣೆಯನ್ನು ಮಾರತಹಳ್ಳಿಯ ಮೇಜಿನಲ್ಲಿ ಕೂತು ದಾಟಿಸಿದವಳು ಅದನ್ನು ಬಿಟ್ಟು, "ಚಿಕ್ಕಂದಿನಿಂದಲೂ ಷೇರುಪೇಟೆಯ ಹುಚ್ಚು" ಎಂದು ಬರೆದರೆ ಓದುವವರು ಆಕಳಿಸದೆ ಇನ್ನೇನು ಮಾಡಿಯಾರು? ಏನನ್ನು ಕಂಡೆ, ಯಾಕೆ ಅದರ ಆಚೆ ದಡಕ್ಕೆ ಹೋಗಬೇಕು ಎಂಬುದೇ ಅಲ್ಲಿ ಬೇಕಾದ ಕಥೆ.

ಇನ್ನು ಹಣಕಾಸು ವಿಶ್ಲೇಷಕರ ಸಿಎಫ್‌ಎ ಪರೀಕ್ಷೆ. ಮೂರು ಹಂತ ದಾಟುವುದು ಹುಡುಗಾಟವಲ್ಲ. ರಿಸರ್ಚ್, ಫಂಡ್ ನಿರ್ವಹಣೆಯಲ್ಲಿ ಅದಕ್ಕೆ ತೂಕವಿದೆ. ವಿಲೀನ-ಖರೀದಿಯ ವಿಭಾಗಕ್ಕೆ ಅದೊಂದೇ ಟಿಕೆಟ್ ಆಗುವುದಿಲ್ಲ.

ಕೊನೆಗೆ, ಎಂಬಿಎ ಆದಮೇಲೆ ಹುದ್ದೆ ಏರುತ್ತದೆ ಎಂಬ ನಂಬಿಕೆ. ಬ್ಯಾಂಕಿನಲ್ಲಿ ವೈಸ್ ಪ್ರೆಸಿಡೆಂಟ್ ಎಂದರೆ ಅಧ್ಯಕ್ಷರ ಪಕ್ಕದ ಕುರ್ಚಿಯಲ್ಲ, ಮಧ್ಯದ ಒಂದು ಮೆಟ್ಟಿಲು. ಎಂಬಿಎ ಮುಗಿಸಿ ಡೀಲ್ ಮಾಡುವ ವಿಭಾಗಕ್ಕೆ ಸೇರುವವರು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಅಸೋಸಿಯೇಟ್ ಆಗಿ. ಬೆಂಗಳೂರಿನ ಆಪರೇಷನ್ಸ್‌ನಲ್ಲಿ ವೈಸ್ ಪ್ರೆಸಿಡೆಂಟ್ ಆಗಿದ್ದವರೂ ಅಷ್ಟೇ. ಸಂಬಳ ಹೆಚ್ಚುತ್ತದೆ, ನಿದ್ದೆ ಕಮ್ಮಿಯಾಗುತ್ತದೆ. ಮದುವೆಮನೆಯಲ್ಲಿ "ನಮ್ಮ ಅಳಿಯಂದಿರು ವೈಸ್ ಪ್ರೆಸಿಡೆಂಟ್" ಎಂದು ಪರಿಚಯಿಸುತ್ತಿದ್ದ ಮಾವನವರಿಗೆ ಇದನ್ನು ಹೇಗೆ ತಿಳಿಸಿ ಹೇಳುವುದೋ, ಅದಕ್ಕೆ ಮಾತ್ರ ಯಾವ ಬಿಸಿನೆಸ್ ಸ್ಕೂಲಿನಲ್ಲೂ ಕೋರ್ಸಿಲ್ಲ.