ಮೊದಲು ವೈರು, ಆಮೇಲೆ ಪಿಸ್ಟನ್

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳು ಮಾತ್ರ ಕೊಟ್ಟಿಗೆಗಳಲ್ಲಿ, ಮೆಟ್ಟಿಲ ಸಂದಿಗಳಲ್ಲಿ, ಹಿತ್ತಲ ಶೆಡ್ಡುಗಳಲ್ಲಿ ದೂಳು ಹೊದ್ದು ಇನ್ನೂ ನಿಂತಿವೆ. ಅಜ್ಜನದೋ ಸೋದರಮಾವನದೋ ಗಾಡಿಯನ್ನು ಹೊರಗೆಳೆದು ಮತ್ತೆ ರಸ್ತೆಗಿಳಿಸುವ ಹವ್ಯಾಸಕ್ಕೆ ಈಗ ಒಂದು ತಲೆಮಾರೇ ಬಿದ್ದಿದೆ. ಬೆಂಗಳೂರಿನಲ್ಲಿ ಈ ಬೈಕುಗಳದ್ದೇ ಕ್ಲಬ್ಬಿದೆ. ಜುಲೈ ತಿಂಗಳ ಎರಡನೇ ಭಾನುವಾರವನ್ನು ಜಾವಾ–ಯೆಜ್ಡಿ ದಿನವೆಂದು ಆಚರಿಸುವ ರೂಢಿಯೂ ಇದೆ. ಹೊಸಬರು ಈ ಕೆಲಸಕ್ಕೆ ಕೈಹಾಕುವ ಕ್ರಮ ಬಹುಮಟ್ಟಿಗೆ ಒಂದೇ. ಮೊದಲು ಎಂಜಿನ್ ಇಳಿಸಿ ಬಿಚ್ಚುತ್ತಾರೆ, ಬೋರ್ ಹೊಡೆಸುತ್ತಾರೆ. ಆಮೇಲೆ ಬಣ್ಣ, ಕ್ರೋಮು. ವೈರಿಂಗ್ ಎಂಬುದು ಕಡೆಗೆ ಯಾರಾದರೊಬ್ಬ ಎಲೆಕ್ಟ್ರಿಷಿಯನ್ನನ್ನು ಹಿಡಿದು ಒಂದು ಮಧ್ಯಾಹ್ನದಲ್ಲಿ ಮುಗಿಸುವ ಬಾಬತ್ತು. ಈ ಕ್ರಮವೇ ತಲೆಕೆಳಗು ಎಂಬುದು ನನ್ನ ವಾದ. ವೈರಿನಿಂದ ಹೊರಟು ಪಿಸ್ಟನ್ನಿಗೆ ಬರುವವರಿಗೆ ದುಡ್ಡೂ ಉಳಿಯುತ್ತದೆ, ಗಾಡಿಯ ಮೂಲ ಭಾಗಗಳೂ ಉಳಿಯುತ್ತವೆ.

ಎಂಜಿನ್ನಿನ ಕಡೆಗೇ ಕೈ ಮೊದಲು ಹೋಗುವುದಕ್ಕೆ ಕಾರಣವಿದೆ. ಇರಾನಿ ಕುಟುಂಬ 1960ರ ಸುಮಾರಿಗೆ ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಮೈಸೂರಿನಲ್ಲಿ ಕಟ್ಟಿದ ಕಾರ್ಖಾನೆಯಿಂದ ಹೊರಬಂದ 250 ಸಿಸಿ ಬೈಕು, ಎಪ್ಪತ್ತರ ದಶಕದಲ್ಲಿ ಯೆಜ್ಡಿ ಎಂದು ಹೆಸರು ಬದಲಿಸಿಕೊಂಡು ರೋಡ್‌ಕಿಂಗ್ ಆದ ಮೇಲೂ, ಮೂಲದ ಸರಳತೆಯನ್ನು ಬಿಟ್ಟುಕೊಡಲಿಲ್ಲ. ಒಂದೇ ಸಿಲಿಂಡರ್, ಅದಕ್ಕೆ ಎರಡು ಸೈಲೆನ್ಸರ್. ಕಿಕ್ ಹೊಡೆಯುವ ಲಿವರೇ ಗೇರು ಬದಲಿಸುವ ಲಿವರೂ ಹೌದು. ಟೂ ಸ್ಟ್ರೋಕ್ ಆದ್ದರಿಂದ ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ, ಟೈಮಿಂಗ್ ಚೈನೂ ಇಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಆಡುತ್ತಾ ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ತೆರೆದು ಮುಚ್ಚುತ್ತದೆ. ನಾಲ್ಕು ನಟ್ಟು ಸಡಿಲಿಸಿದರೆ ಹೆಡ್ಡು ಕೈಗೆ ಬರುತ್ತದೆ, ಅದರ ಹಿಂದೆಯೇ ಸಿಲಿಂಡರ್ ಬ್ಲಾಕ್. ಇಷ್ಟು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವ ಎಂಜಿನ್ ಇರುವುದೇ ಹೊಸಬರಿಗೆ ಅಪಾಯ. ರೋಗ ಏನೆಂದು ತಿಳಿಯುವ ಮೊದಲೇ ಹೊಟ್ಟೆ ಕೊಯ್ದಿರುತ್ತಾರೆ. ನಲವತ್ತು ವರ್ಷ ಹಿಡಿದುಕೊಂಡಿದ್ದ ಸ್ಟಡ್ಡು ಮುರಿಯುತ್ತದೆ, ಅಲ್ಯೂಮಿನಿಯಮ್ ಕವರಿನ ಥ್ರೆಡ್ ಹೋಗುತ್ತದೆ, ಇನ್ನೂ ಒಂದೆರಡು ದಶಕ ಬಾಳಬಹುದಾಗಿದ್ದ ಪಿಸ್ಟನ್ ಗುಜರಿ ಸೇರುತ್ತದೆ. ಇಷ್ಟೆಲ್ಲ ಆಗಿ ಜೋಡಿಸಿದ ಮೇಲೂ ಗಾಡಿ ಚಾಲೂ ಆಗುವುದಿಲ್ಲ, ಏಕೆಂದರೆ ಕೆಟ್ಟದ್ದು ಬೇರೆ ಕಡೆ.

ಆ ಬೇರೆ ಕಡೆ ಯಾವುದೆಂಬುದಕ್ಕೆ ಡೈನಮೊ ಇರುವ ಹಳೆಯ ಜಾವಾದ ರಚನೆಯೇ ಸಾಕ್ಷಿ. ಅದರ ಸ್ಪಾರ್ಕ್ ಹುಟ್ಟುವುದು 6 ವೋಲ್ಟ್ ಬ್ಯಾಟರಿಯಿಂದ. ಬ್ಯಾಟರಿಯ ಕರೆಂಟು ಇಗ್ನಿಷನ್ ಸ್ವಿಚ್ ದಾಟಿ ಕಾಯಿಲ್‌ಗೆ, ಅಲ್ಲಿಂದ ಪಾಯಿಂಟ್‌ಗೆ ಬರುತ್ತದೆ. ಪಾಯಿಂಟ್ ತೆರೆದ ಕ್ಷಣ ಕಾಯಿಲ್ಲಿನಲ್ಲಿ ಹುಟ್ಟುವ ಹೆಚ್ಚು ವೋಲ್ಟೇಜು ಪ್ಲಗ್ಗಿನಲ್ಲಿ ಕಿಡಿ ಹಾರಿಸುತ್ತದೆ. ದಾರಿಯಲ್ಲಿ ಎಲ್ಲಿ ಕಿಲುಬು ಕೂತಿದ್ದರೂ ಎಂಜಿನ್ ಸತ್ತಂತೆಯೇ ತೋರುತ್ತದೆ. ಈಗ ಲೆಕ್ಕ ನೋಡಿ. 35 ವ್ಯಾಟಿನ ಒಂದು ಬಲ್ಬಿಗೆ 12 ವೋಲ್ಟ್ ಗಾಡಿಯಲ್ಲಿ ಸುಮಾರು 3 ಆಂಪಿಯರ್ ಸಾಕು. 6 ವೋಲ್ಟಿನಲ್ಲಿ 6 ಆಂಪಿಯರ್ ಹತ್ತಿರ ಬೇಕು. ಹೆಡ್‌ಲೈಟ್ ಡೂಮಿನೊಳಗಿನ ಒಂದು ಜೋಡಣೆಯಲ್ಲಿ ತುಕ್ಕಿನಿಂದ ಓಮ್‌ನ ಹತ್ತನೇ ಒಂದು ಪಾಲಿನಷ್ಟು ತಡೆ ಸೇರಿಕೊಂಡಿತು ಎನ್ನೋಣ. 12 ವೋಲ್ಟಿನ ಗಾಡಿಯಲ್ಲಿ ಅದು ನುಂಗುವುದು ನೂರಕ್ಕೆ ಎರಡೂವರೆ ಪಾಲು. 6 ವೋಲ್ಟಿನದರಲ್ಲಿ ಹತ್ತಿರಹತ್ತಿರ ಹತ್ತು ಪಾಲು. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ಬೇಗ ಇಳಿಯುವುದರಿಂದ, ಅಷ್ಟರಿಂದಲೇ ಬೆಳಕಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಮಾಯ. ಜಾವಾದ ಲೈಟು ಎಂದರೆ ಮಂಕು ಎಂಬ ಹಳೆಯ ದೂರಿನ ಹಿಂದೆ ಬಹಳ ಸಲ ಇರುವುದು ಇಂಥ ನಾಲ್ಕಾರು ಜೋಡಣೆಗಳು. ಉಪ್ಪುಕಾಗದದಿಂದ ಉಜ್ಜಿ, ಹೊಸ ಲಗ್ ಒತ್ತಿ, ಚಾಸಿಗೆ ಹೋಗುವ ಅರ್ಥಿಂಗ್ ಜಾಗದಲ್ಲಿ ಬಣ್ಣ ಕೆರೆದು ಲೋಹ ಕಾಣಿಸಿದರೆ ಮುಗಿಯಿತು. ಹೊಸದಾಗಿ ಪೌಡರ್ ಕೋಟಿಂಗ್ ಮಾಡಿಸಿದ ಗಾಡಿ ಚಾಲೂ ಆಗದಿರಲು ಕಾರಣ ಆ ಹೊಳೆಯುವ ಬಣ್ಣವೇ ಆಗಿರಬಹುದು. ಬಣ್ಣದ ಪದರದ ಮೂಲಕ ಅರ್ಥಿಂಗ್ ಸಿಗುವುದಿಲ್ಲ.

ಡೈನಮೊದ ವಿಷಯವೂ ಹೀಗೆಯೇ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಚಾರ್ಜಿಂಗ್ ಆಗದೆ ಕೆಂಪು ದೀಪ ಉರಿಯುತ್ತಲೇ ಇದ್ದರೆ ಡೈನಮೊ ಸುಟ್ಟಿದೆ ಎಂದು ತೀರ್ಮಾನಿಸಿ ಹೊಸದನ್ನು ಹುಡುಕಲು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಹೊರಡುವುದು ಸಾಮಾನ್ಯ. ಈ ಬಗೆಯ ಡೈನಮೊ ತನ್ನ ಕಬ್ಬಿಣದಲ್ಲಿ ಉಳಿದಿರುವ ಅಲ್ಪ ಕಾಂತತ್ವದಿಂದ ಕೆಲಸ ಶುರುಮಾಡುತ್ತದೆ. ಬಹುಕಾಲ ಸುಮ್ಮನಿದ್ದರೆ ಅದು ಕರಗಿಹೋಗಿರಬಹುದು. ಫೀಲ್ಡ್ ಕಾಯಿಲ್‌ಗೆ ಬ್ಯಾಟರಿಯಿಂದ ಸರಿಯಾದ ದಿಕ್ಕಿನಲ್ಲಿ ಒಂದೆರಡು ಕ್ಷಣ ಕರೆಂಟು ಮುಟ್ಟಿಸಿದರೆ ಮರಳಿ ಬರುತ್ತದೆ. ಅದಕ್ಕೂ ಜಗ್ಗದಿದ್ದರೆ ಕಾರ್ಬನ್ ಬ್ರಷ್ಷು, ಕಮ್ಯುಟೇಟರಿನ ಕೊಳೆ, ಕಟೌಟ್ ನೋಡಬೇಕು. ಬಲಗಡೆಯ ಕವರು ತೆಗೆದರೆ ಇದರ ಬಹುಭಾಗ ಕಣ್ಣೆದುರೇ ಇದೆ. ಪಾಯಿಂಟ್ ಕೂಡ ಅಲ್ಲೇ. ಅದರ ಗ್ಯಾಪು 0.4 ಮಿಲಿಮೀಟರ್, ಕಿಡಿ ಹಾರಬೇಕಾದದ್ದು ಪಿಸ್ಟನ್ ತುದಿ ಮುಟ್ಟುವುದಕ್ಕೆ ಸುಮಾರು 3 ಮಿಲಿಮೀಟರ್ ಮೊದಲು. ಫೀಲರ್ ಗೇಜು, ಒಂದು ಟೆಸ್ಟ್ ಬಲ್ಬು, ಸಾಧಾರಣ ಮಲ್ಟಿಮೀಟರು ಇದ್ದರೆ ಅಳೆಯಬಹುದು. ತಪ್ಪಿದರೆ ಮತ್ತೆ ಸರಿಪಡಿಸಬಹುದು, ಯಾವುದೂ ಮುರಿಯುವುದಿಲ್ಲ. ಕಲಿಯುವವರಿಗೆ ಬೇಕಾದದ್ದು ಇಂಥ ಕೆಲಸ.

ಸ್ಪಾರ್ಕ್ ಗಟ್ಟಿಯಾಗಿದೆ, ಟೈಮಿಂಗ್ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಎಂಜಿನ್ ಹೇಳುವ ಮಾತು ನಂಬಬಹುದು. ಕಂಪ್ರೆಷನ್ ಗೇಜು ಹಾಕಿ ನೋಡಿ. ಶಕ್ತಿ ಸಾಲದಿದ್ದರೆ ಮೊದಲು ಸೈಲೆನ್ಸರ್ ಬಿಚ್ಚಬೇಕು. ಟೂ ಸ್ಟ್ರೋಕ್ ಗಾಡಿಯ ಹೊಗೆಕೊಳವೆಯೊಳಗೆ ಎಣ್ಣೆಯ ಕರಿ ಕಟ್ಟಿ ಉಸಿರು ಹಿಡಿಯುವುದು ಹಳೆಯ ಕಾಯಿಲೆ. ಬಿಳಿ ಹೊಗೆ ಕಾರುತ್ತಾ ಗೇರ್‌ಬಾಕ್ಸಿನ ಎಣ್ಣೆ ಇಳಿಯುತ್ತಿದ್ದರೆ ಕ್ರ್ಯಾಂಕಿನ ಎಡಬದಿಯ ಆಯಿಲ್ ಸೀಲ್ ಹೋಗಿದೆ. ಕ್ಲಚ್ ಕಡೆಯ ಎಣ್ಣೆಯನ್ನು ಎಂಜಿನ್ ಹೀರಿ ಸುಡುತ್ತಿದೆ. ಡೈನಮೊ ಬದಿಯ ಸೀಲ್ ಹೋದರೆ ಹೊಗೆ ಬರುವುದಿಲ್ಲ, ಆದ್ದರಿಂದಲೇ ಅದು ಹೆಚ್ಚು ಕೇಡು. ಅಲ್ಲಿಂದ ಗಾಳಿ ನುಗ್ಗಿ ಪೆಟ್ರೋಲ್ ಮಿಶ್ರಣ ತೆಳುವಾಗುತ್ತದೆ, ಎಣ್ಣೆಯೂ ಪೆಟ್ರೋಲಿನ ಜೊತೆಯಲ್ಲೇ ಬರಬೇಕಾದ್ದರಿಂದ ಪಿಸ್ಟನ್ ಕಾದು ಸೀಜ್ ಆಗುತ್ತದೆ. ಹೊಸ ಪಿಸ್ಟನ್ ಹಾಕಿ ಹಳೆಯ ಸೀಲು ಬಿಟ್ಟವರ ಗಾಡಿ ಮತ್ತೆ ಸೀಜ್ ಆಗುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಇಲ್ಲೊಂದು ಗೆರೆಯನ್ನೂ ಎಳೆಯಬೇಕು. ಕನೆಕ್ಟಿಂಗ್ ರಾಡ್ ಸಡಿಲವಾಗಿದ್ದರೆ ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಡಿಸಿ, ಮತ್ತೆ ಒತ್ತಿ, ಮಿಲಿಮೀಟರಿನ ನೂರನೇ ಪಾಲುಗಳ ಲೆಕ್ಕದಲ್ಲಿ ನೇರ ಮಾಡಬೇಕು. ಅದು ಹೊಸಬರ ಕೆಲಸವಲ್ಲ. ಪಳಗಿದ ಲೇತ್‌ನವರಿಗೆ ಕೊಡುವುದೇ ಜಾಣತನ.

ಇಷ್ಟು ರಗಳೆ ಯಾಕೆ, ಹಳೆಯ ವೈರಿಂಗ್ ಕಿತ್ತೆಸೆದು 12 ವೋಲ್ಟಿನ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿದರೆ ಆಗದೇ ಎಂಬ ಪ್ರಶ್ನೆ ಬರುತ್ತದೆ. ಅದರಲ್ಲಿ ಹುರುಳಿದೆ. ದಿನವೂ ಓಡಿಸುವ, ರಾತ್ರಿ ಹೆದ್ದಾರಿಗಿಳಿಯುವ ಗಾಡಿಗೆ ಒಳ್ಳೆಯ ಬೆಳಕು ಪ್ರಾಣದ ಪ್ರಶ್ನೆ. ಅಂಥವರು ಬದಲಿಸಿಕೊಂಡರೆ ತಪ್ಪು ಹೇಳಲಾರೆ. ಆದರೆ ಕೆಟ್ಟ ಅರ್ಥಿಂಗಿನ ಮೇಲೆ ಕೂತ ಕಿಟ್ಟೂ ಕೈಕೊಡುತ್ತದೆ, ಆಗ ರಸ್ತೆಬದಿಯಲ್ಲಿ ಬಿಚ್ಚಿ ನೋಡಲು ಮೊಹರು ಹಾಕಿದ ಕರಿ ಡಬ್ಬಿ ಬಿಟ್ಟರೆ ಏನೂ ಇರುವುದಿಲ್ಲ. ಹಳೆಯ ಜಾವಾದಲ್ಲಾದರೆ ಬ್ಯಾಟರಿ ಪೂರ್ತಿ ಇಳಿದಿದ್ದರೂ ತಳ್ಳಿ ಚಾಲೂ ಮಾಡಲೆಂದೇ ಸ್ವಿಚ್ಚಿನಲ್ಲಿ ಒಂದು ಸ್ಥಾನ ಇಟ್ಟಿದ್ದರು. ಕಾನೂನಿನ ಮಾತೂ ಇದೆ. 50 ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿದೆ. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಇರಕೂಡದು ಎಂಬುದು ಅದರ ಷರತ್ತು. ವೈರಿಂಗಿನ ಹೆಸರನ್ನು ನಿಯಮ ಎತ್ತುವುದಿಲ್ಲ ನಿಜ. ಆದರೂ ಮೈಸೂರಿನ ಮೊದಲ ದಶಕದ ಗಾಡಿಗಳು ಆ ವಯಸ್ಸು ದಾಟಿರುವಾಗ, ಮೂಲದ ಡೈನಮೊ ಬಿಚ್ಚಿ ಗುಜರಿಗೆ ಹಾಕುವ ಮೊದಲು ಎರಡು ಸಲ ಯೋಚಿಸಬೇಕು. ಕಿಟ್ ಹಾಕುವವರು ಕಡೇಪಕ್ಷ ತೆಗೆದದ್ದನ್ನು ಒಂದು ಡಬ್ಬಿಯಲ್ಲಿ ಜೋಪಾನವಾಗಿಡಲಿ.

ಈ ಹಳೆಯ ಗಾಡಿಗಳು ಹೊಗೆ ಕಾರುತ್ತವೆ ಎಂಬ ಆಕ್ಷೇಪಕ್ಕೆ ಮಾತ್ರ ಪೂರ್ತಿ ಉತ್ತರ ನನ್ನಲ್ಲಿಲ್ಲ. ಸೀಲು, ಟೈಮಿಂಗ್, ಲೀಟರಿಗೆ 30–40 ಮಿಲಿ ಒಳ್ಳೆಯ ಟೂ ಸ್ಟ್ರೋಕ್ ಎಣ್ಣೆ — ಇಷ್ಟು ಸರಿಯಿದ್ದರೆ ಜಾವಾದ ಹೊಗೆ ಜನ ತಿಳಿದಿರುವುದಕ್ಕಿಂತ ಬಹಳ ಕಡಿಮೆ. ಆದರೆ ಹೊಸ ಮಿಶ್ರಣ ಒಳಬರುವಾಗಲೇ ಅದರಲ್ಲೊಂದಿಷ್ಟು ಉರಿಯದೆ ಹೊರಟುಹೋಗುವುದು ಈ ಬಗೆಯ ಎಂಜಿನ್ನಿನ ಹುಟ್ಟುಗುಣ, ಯಾವ ಮೆಕ್ಯಾನಿಕ್ಕೂ ಅದನ್ನು ತಿದ್ದಲಾರ. ವಿಂಟೇಜ್ ನೋಂದಣಿಯ ಗಾಡಿಯನ್ನು ಪ್ರದರ್ಶನ, ರ್ಯಾಲಿ, ದುರಸ್ತಿಯಂಥ ಕಾರಣಗಳಿಗಷ್ಟೇ ರಸ್ತೆಗೆ ತರಬೇಕೆಂಬ ನಿಯಮದ ಬಗ್ಗೆ ಹವ್ಯಾಸಿಗಳಲ್ಲಿ ಗೊಣಗಾಟವಿದೆ. ಈ ಒಂದು ವಿಷಯದಲ್ಲಿ ನಾನು ನಿಯಮದ ಪರ.