ಗರ ಬೀಳುವುದು ದೈವ, ಕಾಯಿ ನಡೆಸುವುದು ವಿದ್ಯೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಜೀಕಿ ದಣಿದ ಮೇಲೆ ಕವಡೆ ಹಿಡಿದು ಚೌಕಾಬಾರಕ್ಕೆ ಕೂಡುವುದುಂಟು. ನೆಲದ ಮೇಲೆ ಬರೆದ 25 ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಬೀಳುವ ಗರ ಯಾರ ಕೈಯಲ್ಲೂ ಇಲ್ಲ. ಆದರೂ ಹತ್ತಾರು ಆಟಗಳಲ್ಲಿ ಹೆಚ್ಚು ಗೆಲ್ಲುವವರು ಪಳಗಿದವರೇ. ಇದಕ್ಕೆ ಕಾರಣವೇನು?

ಕವಡೆ ಅಂಗಾತವಾಗಿಯೋ ಬೋರಲಾಗಿಯೋ ಬೀಳುತ್ತದೆ. ಎರಡಕ್ಕೂ ಸಮ ಅವಕಾಶವೆಂದು ಇಟ್ಟುಕೊಂಡರೆ ನಾಲ್ಕು ಕವಡೆಗಳು ಬೀಳುವ ಬಗೆ 16. ಅವುಗಳಲ್ಲಿ ಎರಡರ ಗರ 6, ಒಂದು ಮತ್ತು ಮೂರರ ಗರ ತಲಾ 4. ನಾಲ್ಕೂ ಅಂಗಾತವಾದ ಚೌಕ, ನಾಲ್ಕೂ ಬೋರಲಾದ ಎಂಟರ ಬಾರ ತಲಾ ಒಂದೇ. ಕವಡೆಯ ಎರಡು ಮಗ್ಗಲು ಒಂದೇ ಆಕಾರದವಲ್ಲವಾದ್ದರಿಂದ ಈ ಲೆಕ್ಕ ತುಸು ಆಚೀಚೆ ಆದೀತು. ಆದರೂ ಎದುರಾಳಿಗಿಂತ ಎರಡು ಮನೆ ಮುಂದೆ ನಿಂತ ಕಾಯಿಗೆ ಅಪಾಯ ಹೆಚ್ಚು, ನಾಲ್ಕು ಮನೆ ಮುಂದಿನದಕ್ಕೆ ಕಡಿಮೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೂ ಇದು ಆಡಿ ಆಡಿ ಬಂದ ತಿಳಿವಳಿಕೆ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲವೆಂಬ ನಿಯಮವೂ ಇದೆ. ಮೇಲೇರುವ ಹಕ್ಕನ್ನು ಅಲ್ಲಿ ಸಂಪಾದಿಸಬೇಕು.

ಮಹಾಭಾರತಕ್ಕೂ ಈ ಭೇದ ಗೊತ್ತಿತ್ತು. ಧರ್ಮರಾಯನಿಗೆ ಜೂಜು ಪ್ರಿಯ, ಆಡುವ ಬಗೆ ತಿಳಿಯದು ಎಂಬುದು ಶಕುನಿಯ ಎಣಿಕೆ. ಅದರ ಫಲವಾಗಿ ರಾಜ್ಯ ಹೋಯಿತು, ದ್ರೌಪದಿ ಪಣವಾದಳು. ವನವಾಸದಲ್ಲಿ ಬೃಹದಶ್ವ ಮುನಿ ಅವನಿಗೆ ನಳನ ಕಥೆ ಹೇಳುತ್ತಾನೆ. ನಳ ಋತುಪರ್ಣನಿಗೆ ಅಶ್ವವಿದ್ಯೆ ಕೊಟ್ಟು, ಅವನಿಂದ ಅಕ್ಷಹೃದಯ ಕಲಿತು, ಕಳೆದ ರಾಜ್ಯವನ್ನು ಮರಳಿ ಗೆದ್ದ. ಕಥೆ ಮುಗಿದ ಮೇಲೆ ಮುನಿ ಧರ್ಮರಾಯನಿಗೂ ಆ ವಿದ್ಯೆ ಕೊಡುತ್ತಾನೆ. ಮುಂದೆ ವಿರಾಟನ ಆಸ್ಥಾನದಲ್ಲಿ ಕಂಕನಾಗಿ ಪಗಡೆಯಾಡುವವನು ಆತನೇ.

ಅಮೆರಿಕದಲ್ಲಿ 1974ರಲ್ಲಿ ಹೊರಬಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟದಲ್ಲಿ ಆಟಗಾರ ಒಬ್ಬ ವೀರನ ಪಾತ್ರ ವಹಿಸುತ್ತಾನೆ. ಅನುಭವ ಕೂಡಿದಂತೆ ಪಾತ್ರದ ಮಟ್ಟ ಏರುತ್ತದೆ. 1978ರ 'ರೂನ್‌ಕ್ವೆಸ್ಟ್' ಇನ್ನಷ್ಟು ಸೂಕ್ಷ್ಮ. ಅಲ್ಲಿ ಬಳಸಿ ಯಶಸ್ಸು ಕಂಡ ಕೌಶಲ ಮಾತ್ರ ಬೆಳೆಯಬಲ್ಲದು. ಅದಕ್ಕೂ ನೂರರ ದಾಳದಲ್ಲಿ ಈಗಿನ ಕೌಶಲಕ್ಕಿಂತ ಹೆಚ್ಚಿನ ಅಂಕ ಬೀಳಬೇಕು. 30 ಇದ್ದವನಿಗೆ ಇದು ಸುಲಭ, 90 ಇದ್ದವನಿಗೆ ದುರ್ಲಭ. ಬಲ್ಲವನಿಗೆ ಕಲಿಕೆ ನಿಧಾನ ಎಂಬ ಲೋಕಾನುಭವವೇ ಇಲ್ಲಿ ನಿಯಮವಾಗಿದೆ.

ದಾಳ ಇಲ್ಲದಿದ್ದರೆ ಬಲಿಷ್ಠನೇ ಸದಾ ಗೆದ್ದಾನು. ವಿದ್ಯೆಗೆ ಬೆಲೆಯಿಲ್ಲದಿದ್ದರೆ ಕಲಿಯುವವರೇ ಇರಲಾರರು. ಅಂಗಳದಲ್ಲಿ ಎಂಟು ವರ್ಷದ ಮೊಮ್ಮಗಳು ಅಜ್ಜಿಯೆದುರು ಧೈರ್ಯವಾಗಿ ಕೂಡುವುದು ಮೊದಲನೆಯದರ ಬಲದಿಂದ. ಸೋತ ಮೇಲೂ ಮತ್ತೆ ಕೂಡುವುದು ಎರಡನೆಯದರ ಆಸೆಯಿಂದ.